ಸ್ವಯಂಪಾಕದ ಅತಿಥಿ

ನಮ್ಮ ಹಿಂದಿನ ತಲೆಮಾರಿನವರಿಗೆ ‘ಸ್ವಯಂಪಾಕ’ ಎಂಬ ಮಾತು ಚೆನ್ನಾಗಿ ಪರಿಚಿತವಾಗಿತ್ತು. ಮಡಿ ಮೈಲಿಗೆಗಳಲ್ಲಿ ಬಹಳ ನಿಷ್ಠೆಯುಳ್ಳ ಹಿರಿಯರೊಬ್ಬರು ಪರವೂರಿನಿಂದ ಬಂದರೆಂದರೆ ಮನೆಯವರ ಅಡುಗೆಯನ್ನು ಅವರು ಮುಟ್ಟುತ್ತಿರಲಿಲ್ಲ. ಹಿತ್ತಲ ಕಡೆಯ ಚಿಕ್ಕ ಕೋಣೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ತಾವೇ ಹೊತ್ತು ತಂದ ತಂಬಿಗೆ ತಪ್ಪಲೆಗಳಲ್ಲಿ ಬೇಯಿಸಿಕೊಂಡು ಉಣ್ಣುತ್ತಿದ್ದರು. ಆದರೆ ನೀರು ನಮ್ಮ ಬಾವಿಯದು, ಸೌದೆ ನಮ್ಮ ಕೊಟ್ಟಿಗೆಯದು, ತಲೆಯ ಮೇಲಿನ ಸೂರೂ ನಮ್ಮದೇ. ಆ ಆಚಾರದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇನೂ ಇಲ್ಲ. ಅದರ ಚರ್ಚೆ ಇಲ್ಲಿ ಬೇಡ. ಅದು ಈಗ ನೆನಪಾದದ್ದು ಒಂದು ಕಂಪ್ಯೂಟರಿನ ದೆಸೆಯಿಂದ. ನನ್ನ ಮೇಜಿನ ಮೇಲಿರುವ ಯಂತ್ರದಲ್ಲಿ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯಿದೆ. ಅದರೊಳಗಿನ ಒಂದು ಮೂಲೆಯಲ್ಲಿ, ತನ್ನದೇ ಪಾತ್ರೆ ಪಡಗಗಳನ್ನು ತಂದಿಟ್ಟುಕೊಂಡು, ಬಹಳ ಪುಟ್ಟದಾದ ಒಂದು ಲಿನಕ್ಸ್ ಸಂಸಾರ ನಡೆಯುತ್ತಿದೆ. ನೀರು ಮಾತ್ರ ಫ್ರೀಬಿಎಸ್‌ಡಿಯ ಬಾವಿಯದು.

ಈ ಪುಟಗಳನ್ನು ಓದುವವರಲ್ಲಿ ಬಹುಮಂದಿ ನನ್ನಂತೆಯೇ ಸೀಮೆಸುಣ್ಣ ಹಿಡಿದು ಬದುಕಿದವರಾದ್ದರಿಂದ, ಹಿನ್ನೆಲೆಯನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು.

ನಮ್ಮ ತಂದೆಯವರು 1952ರಿಂದ ತಮ್ಮ ಕೊನೆಯ ದಿನಗಳವರೆಗೆ ದಿನಚರಿ ಬರೆದರು. ದಿನಚರಿಯೆಂದರೆ ಆತ್ಮಶೋಧನೆ ಎಂದುಕೊಳ್ಳಬೇಡಿ. ಅಡಿಕೆ ಧಾರಣೆ, ಕೊಟ್ಟ ಸಾಲ, ತೆಗೆದುಕೊಂಡ ಸಾಲ, ಮಳೆ, ಯಾರು ಬಂದರು, ಯಾರು ತೀರಿಕೊಂಡರು, ಇಷ್ಟೇ. ಹೆಸರುಗಳನ್ನೆಲ್ಲ ಒಂದೆರಡು ಅಕ್ಷರಗಳಿಗೆ ಇಳಿಸಿಬಿಟ್ಟಿದ್ದಾರೆ. ಆ ಅಕ್ಷರಗಳ ಹಿಂದಿರುವ ಮನುಷ್ಯರನ್ನು ಗುರುತಿಸಬಲ್ಲವರು ಈಗ ಒಬ್ಬರೇ ಉಳಿದಿದ್ದಾರೆ: ಕೊಪ್ಪದಲ್ಲಿರುವ ನನ್ನ ಅಕ್ಕ. ಅವಳಿಗೆ ಈಗ 79. ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆಯುತ್ತ ಬಂದಿರುವುದರಿಂದ ಸಾಧಾರಣ ಅಕ್ಷರಗಳನ್ನು ಓದಲಾರಳು. ಕಂಪ್ಯೂಟರಿನ ತೆರೆಯ ಬೆಳಕು ಅವಳಿಗೆ ಆಗದು. ಮೇಲಾಗಿ ಅವಳಿಗೆ ಓದುವುದಷ್ಟೇ ಅಲ್ಲ, ಪಕ್ಕದಲ್ಲಿ ಸೀಸದಕಡ್ಡಿಯಿಂದ ಬರೆಯಬೇಕು. ಆದ್ದರಿಂದ ನಾನು ದಿನಚರಿಯನ್ನು ಬೆರಳಚ್ಚು ಮಾಡಿ, 28 ಪಾಯಿಂಟಿನ ದಪ್ಪಕ್ಷರದಲ್ಲಿ, ಅಗಲವಾದ ಅಂಚು ಬಿಟ್ಟು, ವಾರಕ್ಕೆ ಹತ್ತು ಹನ್ನೆರಡು ಹಾಳೆ ಅಚ್ಚು ತೆಗೆದು ಕಳುಹಿಸುತ್ತೇನೆ. ಅವಳು ಅಂಚಿನಲ್ಲಿ ಬರೆದು ಹಿಂದಿರುಗಿಸುತ್ತಾಳೆ. ‘ದೊ.ಮ.ಗೆ ಏಳು ರೂಪಾಯಿ’ ಎಂಬ ಸಾಲಿನ ಪಕ್ಕದಲ್ಲಿ ‘ದೊಡ್ಡಮನೆಯವರಲ್ಲ, ದೊಡ್ಡ ಮಳಿಗೆಯವರು. ಆ ವರ್ಷ ನನ್ನ ಸೀರೆ ಅಲ್ಲಿಂದ ಬಂತು’ ಎಂದು ಇರುತ್ತದೆ. ಅವಳ ಕಣ್ಣು ಎಷ್ಟು ಕಾಲ ಸಹಕರಿಸುವುದೋ ಅಷ್ಟೇ ಈ ಕೆಲಸದ ಅವಧಿ. ಡಾಕ್ಟರರು ವರ್ಷಗಳ ಲೆಕ್ಕದಲ್ಲಿ ಮಾತಾಡುವುದನ್ನು ಬಿಟ್ಟು ತಿಂಗಳುಗಳ ಲೆಕ್ಕಕ್ಕೆ ಬಂದಿದ್ದಾರೆ.

2024ರ ಮಳೆಗಾಲದ ಆರಂಭದಲ್ಲಿ ಸಿಡಿಲಿನ ಹೊಡೆತಕ್ಕೆ ನನ್ನ ಹಳೆಯ ಲ್ಯಾಪ್‌ಟಾಪ್ ಸತ್ತಿತು. ಅಚ್ಚು ತೆಗೆಯುತ್ತಿದ್ದುದು ಅದರಿಂದಲೇ. ಉಳಿದದ್ದು ಮೇಜಿನ ಮೇಲಿನ ಫ್ರೀಬಿಎಸ್‌ಡಿ ಯಂತ್ರ ಮತ್ತು ಹನ್ನೆರಡು ವರ್ಷದ, ಇನ್ನೂ ಗಟ್ಟಿಮುಟ್ಟಾಗಿರುವ ಒಂದು ಲೇಸರ್ ಪ್ರಿಂಟರ್. ಇವೆರಡಕ್ಕೆ ಪರಸ್ಪರ ಮಾತುಕತೆಯಿಲ್ಲ. ಈ ಪ್ರಿಂಟರಿಗೆ ಅದರ ತಯಾರಕರದೇ ಆದ ಒಂದು ಗುಪ್ತಭಾಷೆಯಿದೆ. ಆ ಭಾಷೆಗೆ ಅನುವಾದ ಮಾಡಿಕೊಡುವ ಪುಟ್ಟ ತಂತ್ರಾಂಶವನ್ನು ಅವರು ವಿಂಡೋಸ್‌ಗೆ ಒಂದು, ಲಿನಕ್ಸ್‌ಗೆ ಒಂದು ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಲಿನಕ್ಸಿನದಾದರೂ 32 ಬಿಟ್‌ನ ಕಾಲದ್ದು. ಅದರ ಮೂಲಪಠ್ಯವನ್ನು ಯಾರಿಗೂ ಕೊಟ್ಟಿಲ್ಲವಾದ್ದರಿಂದ ಬೇರೆಯವರು ತಿದ್ದಿಕೊಳ್ಳುವಂತೆಯೂ ಇಲ್ಲ.

ಪೇಟೆಯ ಅಂಗಡಿಯಲ್ಲಿ ಅಚ್ಚು ತೆಗೆಸಬಹುದಲ್ಲ ಎಂದರೆ, ಅಕ್ಕ ಖಡಾಖಂಡಿತವಾಗಿ ಬೇಡವೆಂದಳು. “ಯಾರು ಯಾರ ಹತ್ತಿರ ಸಾಲ ಮಾಡಿದ್ದರು ಅಂತ ಪೇಟೆಯವರೆಲ್ಲ ಓದಬೇಕೇನೋ? ಅವರ ಮೊಮ್ಮಕ್ಕಳು ಇಲ್ಲೇ ಓಡಾಡ್ತಾ ಇದ್ದಾರೆ” ಎಂಬುದು ಅವಳ ವಾದ. ಒಪ್ಪತಕ್ಕದ್ದೇ. ಹೊಸ ಪ್ರಿಂಟರ್ ಕೊಳ್ಳಬಹುದಿತ್ತು. ನಿವೃತ್ತಿ ವೇತನಕ್ಕೆ ಅದು ಅಸಾಧ್ಯವೇನಲ್ಲ. ಆದರೆ ಕೆಡದೆ ಇರುವ ವಸ್ತುವನ್ನು, ಅದರ ಭಾಷೆ ತಿಳಿದವರು ಇಲ್ಲವೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದು ನನಗೆ ಸಹ್ಯವಾಗಲಿಲ್ಲ. ಭಾಷೆ ಕಲಿಸುವುದು ಮೂವತ್ತೈದು ವರ್ಷ ನನ್ನ ಪಕ್ಕದ ತರಗತಿಯವರ ಕಸುಬಾಗಿತ್ತು. ನಾನು ಗಣಿತ, ಭೌತಶಾಸ್ತ್ರದವನು. ಆದರೂ ಹಟ ಬಂತು.

ಹಾಗಾದರೆ ಯಂತ್ರವನ್ನೇ ಅಳಿಸಿ ಲಿನಕ್ಸ್ ಹಾಕಿಬಿಡಿ ಎಂದು ರಿಪೇರಿಯ ಹುಡುಗ ಹೇಳಿದ. ಅರ್ಧ ಗಂಟೆಯ ಕೆಲಸವಂತೆ. ಅದು ನನ್ನಿಂದಾಗದ ಕೆಲಸ. ಏಕೆಂದು ಹೇಳುತ್ತೇನೆ. ಆ ಯಂತ್ರವನ್ನು 2017ರಲ್ಲಿ ಹೊಂದಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನಲ್ಲಿ ಇಂಥದ್ದೇ ಕೆಲಸದಲ್ಲಿದ್ದ. ದಸರಾ ರಜೆಯಲ್ಲಿ ಎರಡು ದಿನ ನನ್ನ ಜಗಲಿಯಲ್ಲಿ ಕುಳಿತು, ಎರಡು ಡಿಸ್ಕುಗಳನ್ನು ಒಂದಕ್ಕೊಂದು ಕನ್ನಡಿಯಂತೆ ಜೋಡಿಸಿ, ತಂದೆಯವರ ದಿನಚರಿಯ ಚಿತ್ರಗಳು ಯಾವ ಡಿಸ್ಕ್ ಕೆಟ್ಟರೂ ಉಳಿಯುವಂತೆ ಮಾಡಿದ. ಪ್ರತಿಯೊಂದು ಸಂರಚನಾ ಕಡತದಲ್ಲೂ, ಯಂತ್ರ ಓದದೆ ಬಿಟ್ಟುಬಿಡುವ ಟಿಪ್ಪಣಿಯ ಸಾಲುಗಳಲ್ಲಿ, ನನಗಾಗಿ ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಬರೆದಿಟ್ಟಿದ್ದಾನೆ: ‘ಸರ್, ಈ ಸಾಲು ತೆಗೆದರೆ ನೆಟ್ ಹೋಗುತ್ತದೆ.’ ‘ಸರ್, ಇದು ಕರೆಂಟ್ ಹೋದಾಗಿನ ವ್ಯವಸ್ಥೆ, ಮುಟ್ಟಬೇಡಿ.’ ಒಂದು ಕಡೆ, ‘ಇದು ಯಾಕೆ ಬೇಕು ಅಂತ ನನಗೂ ಗೊತ್ತಿಲ್ಲ ಸರ್, ಆದರೆ ಬೇಕು.’ 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ಅವನು ಹೋದ. ಮೂವತ್ತೆಂಟು ವರ್ಷ. ಆ ಸಾಲುಗಳನ್ನು ಬೇರೆಡೆ ನಕಲಿಸಿಟ್ಟುಕೊಳ್ಳಬಹುದಿತ್ತು ನಿಜ. ಆದರೆ ಕೆಲಸ ಮಾಡುತ್ತಿರುವ ಸಾಲಿನ ಪಕ್ಕದಲ್ಲಿರುವ ಟಿಪ್ಪಣಿಗೂ ನಕಲು ಪುಸ್ತಕದಲ್ಲಿರುವ ಟಿಪ್ಪಣಿಗೂ ವ್ಯತ್ಯಾಸವಿದೆ.

ಇನ್ನೊಂದು ದಾರಿ, ಯಂತ್ರದೊಳಗೆ ಸುಳ್ಳು ಯಂತ್ರವೊಂದನ್ನು ಸೃಷ್ಟಿಸಿ ಅದರಲ್ಲಿ ಪೂರ್ಣ ಲಿನಕ್ಸನ್ನು ಓಡಿಸುವುದು. ಫ್ರೀಬಿಎಸ್‌ಡಿಯಲ್ಲಿ 2014ರಿಂದ ಬೀಹೈವ್ ಎಂಬ ಏರ್ಪಾಡು ಅದಕ್ಕಾಗಿಯೇ ಇದೆ. ಅದಕ್ಕೆ ಬೇಕಾದ ಸೌಕರ್ಯ ನನ್ನ ಹಳೆಯ ಕೋರ್ 2 ಡ್ಯುಯೋ ಪ್ರೊಸೆಸರಿನಲ್ಲಿಲ್ಲ. ಉಳಿದದ್ದು ಸ್ವಯಂಪಾಕದ ದಾರಿ.

ಇದು ಹೇಗೆ ಸಾಧ್ಯ ಎಂಬುದೇ ನನಗೆ ಬಹಳ ರುಚಿಸಿದ ಭಾಗ. ಯಾವ ತಂತ್ರಾಂಶವೂ ತಾನಾಗಿ ಡಿಸ್ಕನ್ನು ಮುಟ್ಟುವುದಿಲ್ಲ, ತೆರೆಗೆ ಬರೆಯುವುದಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ ಎಂಬುದನ್ನು ಕೇಳಿಕೊಳ್ಳುತ್ತದೆ. ಕೇಳುವುದು ಮಾತಿನಿಂದಲ್ಲ, ಸಂಖ್ಯೆಯಿಂದ. ‘ನಾಲ್ಕನೆಯ ಸೇವೆ ಬೇಕು’ ಎಂದರೆ ಬರೆ ಎಂದು ಅರ್ಥ. ಲಿನಕ್ಸಿನ 32 ಬಿಟ್ ಪಟ್ಟಿಯಲ್ಲಿ ಮುಗಿಸು ಎಂಬುದು 1, ಓದು 3, ಬರೆ 4. ಫ್ರೀಬಿಎಸ್‌ಡಿಯಲ್ಲೂ ಇವು 1, 3, 4. ಆಶ್ಚರ್ಯವೇನಿಲ್ಲ, ಎರಡೂ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸಿನ ಪರಂಪರೆಯವು. ಒಂದು ರಕ್ತಸಂಬಂಧದ್ದು, ಇನ್ನೊಂದು ದತ್ತುಸ್ವೀಕಾರದ್ದು ಎನ್ನಬಹುದು. ಆದರೆ ಪಟ್ಟಿಯಲ್ಲಿ ಮುಂದೆ ಹೋದಂತೆ ದಾಯಾದಿಗಳು ಬೇರೆಯಾಗಿದ್ದಾರೆ. ಇನ್ನು 64 ಬಿಟ್‌ಗೆ ಬಂದರಂತೂ ಲಿನಕ್ಸ್ ತನ್ನ ಪಟ್ಟಿಯನ್ನೇ ಹೊಸದಾಗಿ ಬರೆದುಕೊಂಡಿದೆ. ಅಲ್ಲಿ 1 ಎಂದರೆ ಬರೆ. ಫ್ರೀಬಿಎಸ್‌ಡಿಯಲ್ಲಿ 1 ಎಂದರೆ ಮುಗಿಸು. ಲಿನಕ್ಸಿನ ತಂತ್ರಾಂಶವೊಂದು ಫ್ರೀಬಿಎಸ್‌ಡಿಯ ಬಾಗಿಲಲ್ಲಿ ನಿಂತು, ‘ಸ್ವಾಮಿ, ಈ ಸಾಲನ್ನು ಬರೆಯಿರಿ’ ಎಂದು ಕೇಳಿದರೆ ಅದರ ಪ್ರಾಣವೇ ಹೋಗುತ್ತದೆ!

ಆದ್ದರಿಂದ ಫ್ರೀಬಿಎಸ್‌ಡಿಯವರು 1995ರಷ್ಟು ಹಿಂದೆಯೇ ಒಂದು ಉಪಾಯ ಮಾಡಿದರು. ಕರ್ನಲಿನಲ್ಲಿ ಎರಡನೆಯ ಪಟ್ಟಿಯೊಂದನ್ನು ಇಟ್ಟರು. ಬಂದವರು ಲಿನಕ್ಸಿನವರೆಂದು ಗೊತ್ತಾದರೆ ಆ ಪಟ್ಟಿಯನ್ನು ನೋಡಿ, ಅವರ ಸಂಖ್ಯೆಗೆ ಸರಿಯಾದ ತಮ್ಮ ಸೇವೆಯನ್ನು ಒದಗಿಸುವುದು. ಇಲ್ಲಿ ಅನುಕರಣೆಯಿಲ್ಲ, ಸುಳ್ಳು ಯಂತ್ರವಿಲ್ಲ. ತಂತ್ರಾಂಶದ ಒಂದೊಂದು ಆಜ್ಞೆಯೂ ನೇರವಾಗಿ ಪ್ರೊಸೆಸರಿನ ಮೇಲೆಯೇ ಓಡುತ್ತದೆ. ಬಾಗಿಲಲ್ಲಿ ಮಾತ್ರ ದುಭಾಷಿ. ಬಂದವರು ಯಾರೆಂದು ತಿಳಿಯುವುದು ಅವರ ಹಣೆ ನೋಡಿ. ತಂತ್ರಾಂಶದ ಕಡತದ ಆರಂಭದಲ್ಲಿ ಕುಲಗೋತ್ರದ ಒಂದು ಮುದ್ರೆಯಿರುತ್ತದೆ. ಲಿನಕ್ಸಿನವು ಬಹಳ ಸಲ ಅಲ್ಲಿ ಸೊನ್ನೆ ಬರೆದುಕೊಂಡು ಬರುವುದರಿಂದ, ಅವು ಯಾವ ಹೆಸರಿನ ಲೋಡರನ್ನು ಕೇಳುತ್ತವೆ ಎಂಬುದನ್ನೂ ನೋಡಿ ತೀರ್ಮಾನಿಸಲಾಗುತ್ತದೆ.

ಇದನ್ನು ಓದುತ್ತಿದ್ದಾಗ ತಂದೆಯವರ 1957ರ ದಿನಚರಿ ಎದುರಿಗೇ ಇತ್ತು. ಆ ವರ್ಷದ ಏಪ್ರಿಲ್ 1ರಿಂದ ಆಣೆ ಹೋಗಿ ನಯಾಪೈಸೆ ಬಂತಷ್ಟೆ. ಅವರು ಎಷ್ಟೋ ತಿಂಗಳು ಎರಡು ಕಂಬಸಾಲು ಬರೆದಿದ್ದಾರೆ: ಎಡಕ್ಕೆ ಆಣೆ, ಬಲಕ್ಕೆ ನಯಾಪೈಸೆ. ನಾಲ್ಕಾಣೆಗೆ 25, ಎಂಟಾಣೆಗೆ 50, ತಕರಾರಿಲ್ಲ. ಒಂದಾಣೆಗೆ ಮಾತ್ರ ಆರೂ ಕಾಲು ಬರುತ್ತದೆ. ಕಾಲು ನಯಾಪೈಸೆಯ ನಾಣ್ಯವೇ ಇಲ್ಲ. ಅಂಥ ಕಡೆಗಳಲ್ಲಿ ಅವರ ಲೆಕ್ಕ ಒಂದಿಷ್ಟು ತಡವರಿಸಿದೆ. ಫ್ರೀಬಿಎಸ್‌ಡಿಯ ದುಭಾಷಿಯ ಪಟ್ಟಿಯೂ ಹೀಗೆಯೇ. ಬಹುತೇಕ ಸೇವೆಗಳು ನಾಲ್ಕಾಣೆಯಂತೆ ಸಲೀಸು. ಕೆಲವು ಒಂದಾಣೆಯ ಜಾತಿಯವು. ಮತ್ತೆ ಕೆಲವಕ್ಕೆ ಸಮಾನವಾದದ್ದು ಇಲ್ಲವೇ ಇಲ್ಲ.

ಕೆಲಸಕ್ಕೆ ತೊಡಗಿದೆ. ಮೊದಲು ಇಡೀ ವ್ಯವಸ್ಥೆಯ ಅಂದಿನ ಸ್ಥಿತಿಯನ್ನು ಜೆಡ್‌ಎಫ್‌ಎಸ್‌ನ ಸ್ನ್ಯಾಪ್‌ಶಾಟ್ ಆಗಿ ಹಿಡಿದಿಟ್ಟೆ. ಏನಾದರೂ ಏರುಪೇರಾದರೆ ಕ್ಷಣದಲ್ಲಿ ಹಿಂದಿನಂತೆ ಮಾಡಬಹುದು. ಇದನ್ನು ಆ ಹುಡುಗ ನನ್ನಿಂದ ಹತ್ತು ಸಲ ಮಾಡಿಸಿ ಕಲಿಸಿದ್ದ. ಲಿನಕ್ಸಿಗೆಂದು ಬೇರೆಯೇ ಒಂದು ಕೋಶವನ್ನು ತೆರೆದೆ. ದುಭಾಷಿಯನ್ನು ಎಬ್ಬಿಸಲು ಎರಡು ಆಜ್ಞೆ ಸಾಕು. ಬಳಿಕ ಡಿಬೂಟ್‌ಸ್ಟ್ರಾಪ್ ಎಂಬ ಸಾಧನದಿಂದ ಡೆಬಿಯನ್ ಲಿನಕ್ಸಿನ 12ನೆಯ ಆವೃತ್ತಿಯ 32 ಬಿಟ್ ರೂಪವನ್ನು ಆ ಕೋಶದೊಳಗೆ ಇಳಿಸಿದೆ. ನಮ್ಮ ಊರಿನ ಅಂತರ್ಜಾಲದ ವೇಗದಲ್ಲಿ, ನಡುವೆ ಎರಡು ಸಲ ಕರೆಂಟ್ ಹೋಗಿ, ಸಂಜೆಯವರೆಗೆ ಹಿಡಿಯಿತು.

ಅದರೊಳಗೆ ಹೊಗುವುದಕ್ಕೆ ಸಿಎಚ್‌ರೂಟ್ ಎಂಬ ಆಜ್ಞೆಯಿದೆ. 1979ರ ಏಳನೆಯ ಯುನಿಕ್ಸಿನಿಂದಲೂ ಇರುವ ಹಳೆಯ ಮದ್ದು. ಇಂಥ ಕೋಶವೇ ಇಡೀ ಜಗತ್ತು, ಇದರಾಚೆ ಏನೂ ಇಲ್ಲ ಎಂದು ಒಂದು ತಂತ್ರಾಂಶವನ್ನು ನಂಬಿಸುವುದು ಅದರ ಕೆಲಸ. ಇದು ಭದ್ರವಾದ ಸೆರೆಮನೆಯೇನಲ್ಲ. ಸರ್ವಾಧಿಕಾರವುಳ್ಳ ಬಳಕೆದಾರ ಅದರಿಂದ ನುಸುಳಿ ಬರಬಲ್ಲ. ಅದಕ್ಕಾಗಿಯೇ ಪೌಲ್-ಹೆನ್ನಿಂಗ್ ಕಾಂಪ್ ಎಂಬವರು ಜೈಲ್ ಎಂಬ ಗಟ್ಟಿಯಾದ ಏರ್ಪಾಡನ್ನು ನಿರ್ಮಿಸಿದರು. 2000ದಲ್ಲಿ ಬಂದ ಫ್ರೀಬಿಎಸ್‌ಡಿ 4.0ರಲ್ಲಿ ಅದು ಸೇರಿತು. ನನ್ನ ಅತಿಥಿಗೆ ಸೆರೆಮನೆ ಬೇಕಾಗಿರಲಿಲ್ಲ. ಅವನಿಗೆ ‘ನೋಬಡಿ’ ಎಂಬ, ಯಾವ ಅಧಿಕಾರವೂ ಇಲ್ಲದ ಬಳಕೆದಾರನ ವೇಷ ತೊಡಿಸಿ ಒಳಗೆ ಬಿಟ್ಟೆ. ಯಾರೂ ಅಲ್ಲದವನು! ಯುನಿಕ್ಸಿನವರು ಹೆಸರಿಡುವುದರಲ್ಲಿ ನಮ್ಮ ವೇದಾಂತಿಗಳಿಗೆ ಕಡಿಮೆಯೇನಿಲ್ಲ.

ಡೆಬಿಯನ್ ಒಳಗೆ ಹೊಕ್ಕು, ನೀನು ಯಾರು ಎಂದು ಕೇಳಿದೆ. ‘ಲಿನಕ್ಸ್’ ಎಂದು ಉತ್ತರ ಬಂತು. ಉತ್ತರ ಕೊಟ್ಟದ್ದು ಫ್ರೀಬಿಎಸ್‌ಡಿಯೇ. ಅತಿಥಿಯ ಸಮಾಧಾನಕ್ಕಾಗಿ ಹಾಗೆ ಹೇಳುತ್ತದೆ. ಆದರೆ ಪ್ಯಾಕೇಜುಗಳನ್ನು ತರಿಸುವ ಆಪ್ಟ್ ಎಂಬುದು, ಡಿಸ್ಕಿನಲ್ಲೂ ಸ್ಮೃತಿಯಲ್ಲೂ ಧಾರಾಳವಾಗಿ ಜಾಗವಿದ್ದರೂ, ಸ್ಥಳ ಸಾಲದೆಂದು ರಗಳೆ ತೆಗೆಯಿತು. ತನ್ನ ಸ್ಮೃತಿಯ ಅಂಗಳವನ್ನು ನಡುನಡುವೆ ಹಿಗ್ಗಿಸಿಕೊಳ್ಳುವುದು ಅದರ ವಾಡಿಕೆ. ಹಾಗೆ ಹಿಗ್ಗಿಸುವ ಸೇವೆ ಒಂದಾಣೆಯ ಜಾತಿಗೆ ಸೇರಿದ್ದು. ಮೊದಲೇ ದೊಡ್ಡ ಅಂಗಳವನ್ನು ಕೊಟ್ಟುಬಿಡು ಎಂಬ ಒಂದು ಸಾಲನ್ನು ಅದರ ಸಂರಚನೆಯಲ್ಲಿ ಬರೆದರೆ ಸುಮ್ಮನಾಗುತ್ತದೆ. ಫ್ರೀಬಿಎಸ್‌ಡಿಯ ಕೈಪಿಡಿಯಲ್ಲಿಯೇ ಈ ಮದ್ದು ಇದೆ. ಆ ಕೈಪಿಡಿ ಒಳ್ಳೆಯ ಪಠ್ಯಪುಸ್ತಕ ಹೇಗಿರಬೇಕೆಂಬುದಕ್ಕೆ ಮಾದರಿ. ನಮ್ಮ ಪಠ್ಯಪುಸ್ತಕ ಸಮಿತಿಗಳ ಸಹವಾಸ ಮಾಡಿದವನಾದ್ದರಿಂದ ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ.

ಪ್ರಿಂಟರಿನ ಅನುವಾದಕ ತಂತ್ರಾಂಶ ಓಡಿತು. ಆದರೆ ಇಡೀ ಡೆಬಿಯನ್ನು ಮುನ್ನೂರು ಮೆಗಾಬೈಟಿನ ಆಸುಪಾಸು. ನನಗೆ ಬೇಕಾದದ್ದು ಒಂದೇ ಒಂದು ತಂತ್ರಾಂಶ. ಒಬ್ಬ ಅತಿಥಿಗಾಗಿ ಛತ್ರವನ್ನೇ ಕಟ್ಟಿಸಿದಂತಾಗಿತ್ತು. ಆ ತಂತ್ರಾಂಶ ಯಾವ ಯಾವ ಗ್ರಂಥಾಲಯಗಳನ್ನು ಆಶ್ರಯಿಸಿದೆ ಎಂದು ಕೇಳಿದರೆ ಬಂದ ಪಟ್ಟಿ ಬಹಳ ಚಿಕ್ಕದು: ಸಿ ಭಾಷೆಯ ಮೂಲ ಗ್ರಂಥಾಲಯ, ಗಣಿತದ್ದೊಂದು, ಎಲ್ಲವನ್ನೂ ಹೊಂದಿಸಿಕೊಡುವ ಲೋಡರ್. ಸರಿ, ಹೊಸದೊಂದು ಖಾಲಿ ಕೋಶದಲ್ಲಿ ಈ ನಾಲ್ಕೇ ಕಡತಗಳನ್ನು, ಅವವುಗಳ ಸ್ಥಾನದಲ್ಲಿ, ಕೈಯಾರೆ ಇರಿಸಿದೆ.

ಓಡಿಸಿದೆ. ಏನೂ ಬರಲಿಲ್ಲ. ತಪ್ಪಿನ ಸಂದೇಶವೂ ಇಲ್ಲ. ಮೌನ.

ಇಂಥ ಮೌನಕ್ಕೆ ಟ್ರಸ್ ಎಂಬ ಸಾಧನ ಬಹಳ ಒಳ್ಳೆಯದು. ತಂತ್ರಾಂಶ ಕರ್ನಲನ್ನು ಏನೇನು ಕೇಳಿಕೊಂಡಿತು, ಏನು ಉತ್ತರ ಸಿಕ್ಕಿತು ಎಂಬುದನ್ನು ಸಾಲುಸಾಲಾಗಿ ಬರೆದುಕೊಡುತ್ತದೆ. ಕೇಳಿದವನು ಲಿನಕ್ಸಿನವನಾದರೂ ಸರಿ. ತರಗತಿಯ ಬಾಗಿಲ ಹೊರಗೆ ನಿಂತು ಹುಡುಗರ ಪಿಸುಮಾತು ಕೇಳಿಸಿಕೊಂಡಂತೆ. ನೋಡಿದರೆ, ಅದು ಕಾಗದದ ಅಳತೆ ಬರೆದಿಡುವ ಪುಟ್ಟ ಕಡತವೊಂದನ್ನು ಹುಡುಕಿ, ಅದಿಲ್ಲದಿದ್ದಾಗ ಮಾತಿಲ್ಲದೆ ಹೊರಟುಹೋಗುತ್ತಿತ್ತು. ಆ ಕಡತವನ್ನು ತಂದಿರಿಸಿದೆ. ಆಮೇಲೆ ತಾತ್ಕಾಲಿಕ ಕಡತಗಳನ್ನು ಬರೆಯಲು ‘ಟಿಎಂಪಿ’ ಎಂಬ ಜಾಗ ಕೇಳಿತು, ಅದನ್ನೂ ಮಾಡಿಕೊಟ್ಟೆ. ಈಗ ಆ ಪೂರ್ಣ ಲಿನಕ್ಸ್ ಸಂಸಾರ ಐದಾರು ಮೆಗಾಬೈಟ್. ಅದರಲ್ಲಿ ಆಜ್ಞೆ ಬರೆಯುವ ಶೆಲ್ ಇಲ್ಲ, ಸಂಪಾದಕವಿಲ್ಲ, ಗಡಿಯಾರ ನೋಡುವ ಸಾಧನವೂ ಇಲ್ಲ. ಮುನ್ನೂರು ಮೆಗಾಬೈಟಿನ ಛತ್ರವನ್ನು ಅಳಿಸಿಹಾಕಿದೆ.

ಕೆಲಸ ಹಂಚಿಕೆಯಾದದ್ದು ಹೀಗೆ. ಕನ್ನಡದ ಪುಟವನ್ನು ಸಿದ್ಧಪಡಿಸುವುದು ಫ್ರೀಬಿಎಸ್‌ಡಿಯ ಕಡೆಯ ಲಿಬ್ರೆಆಫೀಸ್. ಒತ್ತಕ್ಷರಗಳು ಕೂಡಿಕೊಳ್ಳುವುದು, ‘ರಾಷ್ಟ್ರ’ ‘ಸ್ತ್ರೀ’ಗಳ ಕೆಳಗಿನ ಎರಡೆರಡು ಒತ್ತುಗಳು ಮುಂದಿನ ಸಾಲಿನ ತಲೆಕಟ್ಟಿಗೆ ಬಡಿಯದಂತೆ ಅಂತರ ಬಿಡುವುದು, ಎಲ್ಲವೂ ಅಲ್ಲಿಯೇ ಮುಗಿಯುತ್ತದೆ. ದಪ್ಪಕ್ಷರದ ಅಚ್ಚಿನಲ್ಲಿ ಈ ಅಂತರ ಬಹಳ ಮುಖ್ಯ. ಅಕ್ಕ ಮೊದಲ ವಾರದಲ್ಲೇ “ನಿನ್ನ ಸಾಲುಗಳು ಜಗಳ ಆಡ್ತಾವೆ ಕಣೋ” ಎಂದಿದ್ದಳು. ನಂತರ ಗೋಸ್ಟ್‌ಸ್ಕ್ರಿಪ್ಟ್ ಎಂಬುದು ಪುಟವನ್ನು ಚುಕ್ಕಿಗಳನ್ನಾಗಿ ಒಡೆಯುತ್ತದೆ. ಎ4 ಹಾಳೆಗೆ, ಅಂಗುಲಕ್ಕೆ 600ರಂತೆ, ಸುಮಾರು ಮೂರೂವರೆ ಕೋಟಿ ಚುಕ್ಕಿಗಳು. ಇವು ಒಂದು ಕೊಳವೆಯಲ್ಲಿ ಹರಿದಂತೆ ಅತಿಥಿಯ ಕೋಣೆಯನ್ನು ಹೊಕ್ಕು, ಪ್ರಿಂಟರಿನ ಗುಪ್ತಭಾಷೆಯಾಗಿ ಹೊರಬರುತ್ತವೆ. ಹೊರಬಂದದ್ದನ್ನು ಯುಎಸ್‌ಬಿ ತಂತಿಯ ಮೂಲಕ ಪ್ರಿಂಟರಿಗೆ ತಲುಪಿಸುವುದು ಮತ್ತೆ ಫ್ರೀಬಿಎಸ್‌ಡಿಯೇ. ಅತಿಥಿ ಪ್ರಿಂಟರನ್ನು ನೋಡುವುದೇ ಇಲ್ಲ. ಜಾಲಸಂಪರ್ಕವನ್ನು ಕೇಳುವುದಿಲ್ಲ. ತಾನು ಅನುವಾದಿಸುತ್ತಿರುವುದು ಕನ್ನಡವೋ ಚೀನೀ ಭಾಷೆಯೋ ಎಂಬುದೂ ಅದಕ್ಕೆ ತಿಳಿಯದು.

ಇಷ್ಟಕ್ಕೆಲ್ಲ ಹನ್ನೊಂದು ದಿನ ಬೇಕಾಯಿತು. ಆ ಎರಡು ವಾರ ಅಕ್ಕನಿಗೆ ಹಾಳೆಗಳು ಹೋಗಲಿಲ್ಲ. ಹದಿನೈದನೆಯ ದಿನ ಫೋನ್ ಮಾಡಿ, “ಯಾಕೋ, ಹುಷಾರಿಲ್ವೇನೋ? ಅಪ್ಪಯ್ಯನ ಕತೆ ನಿಂತೇ ಹೋಯ್ತಲ್ಲ” ಎಂದಳು. ಲಿನಕ್ಸ್, ಫ್ರೀಬಿಎಸ್‌ಡಿ ಎಂದೆಲ್ಲ ವಿವರಿಸದೆ ಸ್ವಯಂಪಾಕದ ಕತೆ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ನಮ್ಮ ಮನೆಗೆ ಹಾಗೆ ಬರುತ್ತಿದ್ದ ಹಿರಿಯರೊಬ್ಬರು ಹೊರಡುವಾಗ ನಮ್ಮದೊಂದು ಸೌಟನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೋಗಿದ್ದರೆಂದು ನೆನೆಸಿಕೊಂಡು ನಕ್ಕಳು. ಅದು ದಿನಚರಿಯಲ್ಲಿ ಇದೆಯೇ ಎಂದು ಹುಡುಕಿದೆ. ಇದೆ. 1959, ಮಾಘ ಮಾಸ: ‘ಹಿತ್ತಾಳೆ ಸೌಟು ಕಾಣೆ.’ ಅಷ್ಟೇ. ಯಾರೆಂದು ಬರೆದಿಲ್ಲ.

ಫ್ರೀಬಿಎಸ್‌ಡಿ 15.0 ಆವೃತ್ತಿ 2025ರ ಡಿಸೆಂಬರಿನಲ್ಲಿ ಬಂದಿತು. 32 ಬಿಟ್‌ನ ಇಂಟೆಲ್ ಯಂತ್ರಗಳಿಗೆ ಅದರಲ್ಲಿ ಸ್ಥಾನವಿಲ್ಲ. 64 ಬಿಟ್ ಯಂತ್ರದಲ್ಲಿ 32 ಬಿಟ್ ತಂತ್ರಾಂಶವನ್ನು ಓಡಿಸುವ ಸೌಲಭ್ಯವನ್ನು ಕನಿಷ್ಠ 15ರ ಸರಣಿ ಮುಗಿಯುವವರೆಗೆ ಉಳಿಸಿಕೊಳ್ಳುತ್ತೇವೆ, 16ರಲ್ಲಿ ತೆಗೆದರೂ ತೆಗೆಯಬಹುದು ಎಂದು ಯೋಜನೆಯವರು ತಿಳಿಸಿದ್ದಾರೆ. ಡೆಬಿಯನ್ನಿನವರೂ 2025ರ ತಮ್ಮ 13ನೆಯ ಆವೃತ್ತಿಯಿಂದ 32 ಬಿಟ್‌ನ ಅನುಸ್ಥಾಪನೆಯನ್ನು ಕೈಬಿಟ್ಟಿದ್ದಾರೆ. ನನ್ನ ನಾಲ್ಕು ಕಡತಗಳಿಗೆ ಡೆಬಿಯನ್ನಿನ ನಿರ್ಧಾರದಿಂದ ಬಾಧೆಯಿಲ್ಲ; ಅವು ಎಂದೋ ಮನೆಯೊಳಗೆ ಬಂದು ಕುಳಿತಿವೆ. ಬಾಗಿಲ ದುಭಾಷಿ ನಿವೃತ್ತನಾಗುವವರೆಗೆ ನಡೆಯುತ್ತದೆ.

ವ್ಯವಸ್ಥೆ ಆರಂಭವಾಗುವಾಗಲೇ ದುಭಾಷಿಯನ್ನು ಎಬ್ಬಿಸಬೇಕೆಂಬ ಸಾಲನ್ನು ಮುಖ್ಯ ಸಂರಚನಾ ಕಡತಕ್ಕೆ ಸೇರಿಸಬೇಕಾಗಿತ್ತು. ಅವನ ಸಾಲುಗಳ ಕೊನೆಯಲ್ಲಿ ನನ್ನ ಸಾಲನ್ನು ಬರೆದೆ. ಅದರ ಮೇಲೊಂದು ಟಿಪ್ಪಣಿಯನ್ನೂ, ಅವನ ರೀತಿಯಲ್ಲೇ ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಹಾಕಿದೆ: ‘ಇದು ಅಕ್ಕನ ಪ್ರಿಂಟರಿಗಾಗಿ. ಉಳಿದದ್ದು ಯಾವುದನ್ನೂ ಮುಟ್ಟಿಲ್ಲ.’

ಈಗ 1963ರ ಪುಸ್ತಕಕ್ಕೆ ಬಂದಿದ್ದೇವೆ. ಅಕ್ಷರವನ್ನು 28ರಿಂದ 36 ಪಾಯಿಂಟಿಗೆ ಏರಿಸಿದ್ದೇನೆ. ಹಾಗಾಗಿ ವಾರಕ್ಕೆ ಹದಿನೆಂಟು ಹಾಳೆ. ಅಂಚಿನಲ್ಲಿ ಅವಳು ಬರೆಯುವ ಅಕ್ಷರಗಳೂ ದೊಡ್ಡವಾಗಿವೆ, ಒಂದರ ಮೇಲೊಂದು ಏರುತ್ತವೆ. ಕಳೆದ ವಾರ ಬಂದ ಹಾಳೆಯಲ್ಲಿ ‘ಕಿ.ಗೆ ಜ್ವರ, ತೀರ್ಥಹಳ್ಳಿಗೆ ಗಾಡಿ’ ಎಂಬಲ್ಲಿ ‘ಕಿ.’ ಎಂಬುದರ ಸುತ್ತ ಸೀಸದಕಡ್ಡಿಯಿಂದ ಗೆರೆ ಎಳೆದು, ‘ಕಿರಿಯವನು, ನೀನೇ’ ಎಂದು ಬರೆದಿದ್ದಾಳೆ.